ಗಲ್ಲಾದಲ್ಲಿ ಕೂತು ನಗಿಸುವವರು ಮೆಸೇಜಿನಲ್ಲಿ ಯಾಕೆ ಸುತ್ತೋಲೆ ಆಗಿಬಿಡ್ತಾರೆ?

ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ಹತ್ತು ನಿಮಿಷ ನಿಂತು ನೋಡಿ. "ಮೊಳ ಎಷ್ಟಪ್ಪಾ?" ಅಂದರೆ "ನಿಮ್ಮ ಮೊಳಾನೋ ನಮ್ಮ ಮೊಳಾನೋ ಅಕ್ಕಾ?" ಅಂತ ಉತ್ತರ ಬರುತ್ತೆ. ಮಂಡ್ಯದ ಪೇಟೆಬೀದಿಯಲ್ಲಿ ಪೈಪಿನ ಬೆಂಡು ಸರಿಯಿಲ್ಲ ಅಂತ ವಾಪಸ್ ತಂದವರಿಗೆ "ಬೆಂಡು ನೆಟ್ಟಗದೆ ಕಣಣ್ಣ, ನಿಮ್ ಗೋಡೆನೇ ಸೊಟ್ಟ" ಅಂತ ಹೇಳಿ, ನಗ್ತಾ ನಗ್ತಾ ಬೇರೆ ಬೆಂಡು ಕೊಟ್ಟು ಕಳಿಸ್ತಾರೆ. ಈ ಜನಕ್ಕೆ ಹಾಸ್ಯ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇವರೇ ಫೋನ್ ಹಿಡಿದು ಗ್ರಾಹಕರಿಗೆ ನಾಲ್ಕು ಸಾಲು ಬರೆಯಲಿ, "ಆತ್ಮೀಯ ಗ್ರಾಹಕ ಬಾಂಧವರೇ, ಈ ಮೂಲಕ ತಮ್ಮಲ್ಲಿ ವಿನಮ್ರವಾಗಿ ತಿಳಿಯಪಡಿಸುವುದೇನೆಂದರೆ" ಅಂತ ಶುರುವಾಗುತ್ತೆ. ತಾಲ್ಲೂಕು ಕಚೇರಿ ನೋಟಿಸ್ ಬೋರ್ಡಿನಿಂದ ಕಿತ್ತು ತಂದ ಹಾಗೆ.

ವ್ಯಾಪಾರದ ಬರಹಕ್ಕೆ ಹೊಸದಾಗಿ ಹಾಸ್ಯ ತುಂಬಬೇಕಾಗಿಲ್ಲ, ಗಲ್ಲಾದಲ್ಲಿ ಆಡುವ ಮಾತನ್ನೇ ಮೆಸೇಜಿಗೂ ತಂದರೆ ಸಾಕು ಅನ್ನೋದು ನನ್ನ ವಾದ. ಎಲ್ಲಿ ತರಬೇಕು, ಎಲ್ಲಿ ತರಬಾರದು ಅನ್ನುವ ಲೆಕ್ಕ ಮಾತ್ರ ಗಟ್ಟಿಯಾಗಿ ಇಟ್ಟುಕೊಳ್ಳಬೇಕು.

"ದಸರಾ ಹಬ್ಬದ ಪ್ರಯುಕ್ತ ವಿಶೇಷ ರಿಯಾಯಿತಿ, ತ್ವರೆ ಮಾಡಿ!" ಇದರ ಕೆಳಗಿನ ಹೆಸರು ಅಳಿಸಿದರೆ ಅದು ಚಿನ್ನದಂಗಡಿಯದೋ ಚಪ್ಪಲಿ ಅಂಗಡಿಯದೋ ಬ್ರಹ್ಮನಿಗೂ ಗೊತ್ತಾಗಲ್ಲ. ಸಯ್ಯಾಜಿರಾವ್ ರಸ್ತೆಯ ಒಂದು ಬಟ್ಟೆ ಅಂಗಡಿ ಹೀಗೆ ಬರೀಬಹುದು: "ಜಂಬೂಸವಾರಿ ದಿನ ಅಂಗಡಿ ರಜೆ. ತೆಗೆದಿದ್ದರೂ ನೀವು ಬ್ಯಾರಿಕೇಡ್ ದಾಟಿ ಬರೋ ಹೊತ್ತಿಗೆ ಆನೆಗಳು ಬನ್ನಿಮಂಟಪ ಮುಟ್ಟಿರ್ತವೆ. ಆಯುಧಪೂಜೆಗೆ ಬ್ಲೌಸ್ ಬೇಕಂದ್ರೆ ಗಣೇಶನ ಹಬ್ಬ ಮುಗಿದ ವಾರದಲ್ಲೇ ಬಟ್ಟೆ ಕೊಡಿ, ಆಮೇಲೆ ನಮ್ಮ ಟೈಲರ್ ನಮ್ಮ ಫೋನೂ ಎತ್ತಲ್ಲ." ಮೆರವಣಿಗೆ ಹಾದುಹೋಗುವ ರಸ್ತೆಯ ಅಂಗಡಿ ಮಾತ್ರ ಬರೆಯಬಹುದಾದ ಮೆಸೇಜು ಇದು. ಇದರಲ್ಲಿರುವ ತಮಾಷೆ ಕಿತ್ತು ಹಾಕಿದರೂ ರಜೆ ಯಾವತ್ತು, ಬಟ್ಟೆ ಯಾವಾಗ ಕೊಡಬೇಕು ಅನ್ನೋದು ಹಾಗೇ ಉಳಿಯುತ್ತೆ. ಬರೆದದ್ದನ್ನು ಕಳಿಸುವ ಮುಂಚೆ ಈ ಪರೀಕ್ಷೆ ಮಾಡಿ. ಜೋಕು ತೆಗೆದ ಮೇಲೆ ಏನೂ ಉಳಿಯದಿದ್ದರೆ ಅದು ಫ್ಯಾಮಿಲಿ ಗ್ರೂಪಿನ ಸರಕು, ಅಂಗಡಿ ಲೆಕ್ಕದ್ದಲ್ಲ.

ಇದಕ್ಕಿಂತ ಒಂದು ಹೆಜ್ಜೆ ಮುಂದಿನದು ಅಂದರೆ ತಮಾಷೆಯೇ ಮಾಹಿತಿಯನ್ನು ಹೊತ್ತುಕೊಂಡು ಬರೋದು. ಆಲೆಮನೆ ಬೆಲ್ಲ ಮಾರುವವರ ಕಷ್ಟ ಗೊತ್ತಲ್ಲ, ಪಟ್ಟಣದವರಿಗೆ ಬೆಲ್ಲ ಹಳದಿಯಾಗಿ ಹೊಳೀತಾ ಇರಬೇಕು. ಆ ಬಣ್ಣ ಬರೋದು ಹೆಚ್ಚಿನ ಸಲ ಹೈಡ್ರೋಸ್ ಹಾಕಿದಾಗ, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆದ ಬೆಲ್ಲ ಕಂದು ಬಣ್ಣಕ್ಕೇ ನಿಲ್ಲುತ್ತೆ. ಇದನ್ನು "ನಮ್ಮ ಉತ್ಪನ್ನವು ಸಂಪೂರ್ಣ ರಾಸಾಯನಿಕ ಮುಕ್ತವಾಗಿದ್ದು" ಅಂತ ಬರೆದರೆ ಯಾರೂ ಓದಲ್ಲ. "ನಮ್ಮ ಬೆಲ್ಲ ಫೇರ್‌ನೆಸ್ ಕ್ರೀಮ್ ಹಚ್ಕೊಂಡಿಲ್ಲ, ಅದಕ್ಕೇ ಕಪ್ಪಗಿದೆ. ಹೈಡ್ರೋಸ್ ಹಾಕಿಲ್ಲ, ಬೆಂಡೆ ಲೋಳೆ ಹಾಕಿದೀವಿ. ಅಚ್ಚು ಇದೆ, ಉಂಡೆ ಇದೆ" ಅಂದರೆ ಬಣ್ಣದ ಬಗ್ಗೆ ಬರುವ ಪ್ರಶ್ನೆಗೆ ಉತ್ತರವೂ ಆಯ್ತು, ಒಂದು ನಗುವೂ ಬಂತು. ಆದರೆ "ಈ ಬೆಲ್ಲ ತಿಂದ್ರೆ ಶುಗರ್ರೇ ಓಡಿಹೋಗುತ್ತೆ" ಅಂತ ತಮಾಷೆಗೂ ಬರೀಬೇಡಿ. ಕಾಯಿಲೆ ವಾಸಿಯಾಗುತ್ತೆ ಅನ್ನುವ ಜಾಹೀರಾತಿಗೆ ಕಾನೂನಿನ ತಡೆ ಇದೆ, "ಸುಮ್ನೆ ಜೋಕ್ ಮಾಡಿದ್ದು ಸಾರ್" ಅನ್ನೋದು ಅಲ್ಲಿ ನಡೆಯಲ್ಲ.

ಯಾರನ್ನು ನೋಡಿ ನಗಬೇಕು? ನಿಮ್ಮನ್ನು, ನಿಮ್ಮ ಟೈಲರನ್ನು (ಅವರು ಒಪ್ಪಿದರೆ), ಮಳೆಯನ್ನು, ಟ್ರಾಫಿಕ್ಕನ್ನು. ಗ್ರಾಹಕರನ್ನು ಮಾತ್ರ ಬೇಡ. ಎದುರಿಗಿದ್ದಾಗ "ನಿಮ್ ಗೋಡೆನೇ ಸೊಟ್ಟ" ಅನ್ನೋದು ನಡೆಯುತ್ತೆ, ಯಾಕಂದರೆ ಮುಖದಲ್ಲಿ ನಗು ಕಾಣುತ್ತೆ, ಕೈಯಲ್ಲಿ ಬದಲಿ ಬೆಂಡು ಇರುತ್ತೆ. ಅದೇ ಮಾತು ರಾತ್ರಿ ಒಂಬತ್ತಕ್ಕೆ ವಾಟ್ಸಾಪ್‌ನಲ್ಲಿ ಹೋದರೆ ಜಗಳ ಗ್ಯಾರಂಟಿ.

ಏಕವಚನದ ವಿಷಯವೂ ಇಷ್ಟೇ ಸೂಕ್ಷ್ಮ. ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ "ಹಸಿವಾಯ್ತಾ ಮಗಾ?" ಅಂತ ಒಂದು ಆ್ಯಪು ನಿವೃತ್ತ ಮೇಷ್ಟ್ರಿಗೆ ಕಳಿಸಿದರೆ ಅವರು ಆ್ಯಪನ್ನೇ ತೆಗೆದುಹಾಕ್ತಾರೆ. ಸಲಿಗೆ ಬೇಕಂದರೆ ಬಹುವಚನದಲ್ಲೇ ದಂಡಿಯಾಗಿ ಸಿಗುತ್ತೆ: "ಬನ್ನಿ ಅಣ್ಣ", "ಹೇಳಿ ಅಕ್ಕ", "ಯಾಕ್ರೀ ಈ ಕಡೆ ಬಂದೇ ಇಲ್ಲ". ಇನ್ನು ನಮ್ಮ ಮಂಡ್ಯ ಭಾಷೆ. ನೀವು ಅಂಗಡಿಯಲ್ಲಿ "ಅದೆ", "ಬುಡಿ", "ಹಂಗೆ" ಅಂತಲೇ ಮಾತಾಡುವವರಾದರೆ ಹಾಗೇ ಬರೀರಿ, ಚೆಂದವಾಗಿರುತ್ತೆ. ಬೆಂಗಳೂರಿನ ಏಜೆನ್ಸಿಯ ಹುಡುಗರು ನಾಲ್ಕು "ಕಣ್ಲಾ", ಎರಡು "ಸಿವಾ" ತುರುಕಿ ಬರೆದುಕೊಟ್ಟದ್ದನ್ನು ಮಾತ್ರ ಹಾಕಬೇಡಿ. ಊರಿನವರಿಗೆ ಅದು ತಕ್ಷಣ ಗೊತ್ತಾಗುತ್ತೆ, ತಮ್ಮನ್ನೇ ಆಡಿಕೊಂಡ ಹಾಗೆ ಅನಿಸುತ್ತೆ. ಈ ವಿಷಯದಲ್ಲಿ ನನಗೆ ಕೋಪ ಸ್ವಲ್ಪ ಜಾಸ್ತಿಯೇ.

ಈಗ ಫೋನಿನ ಕಡೆ ಬರೋಣ. ವಾಟ್ಸಾಪ್ ಬಿಸಿನೆಸ್‌ನಲ್ಲಿ ತಾನಾಗಿ ಹೋಗುವ ಸ್ವಾಗತದ ಮೆಸೇಜು ಇದೆ. ಅದು ಗ್ರಾಹಕರು ಮೊದಲ ಸಲ ಬರೆದಾಗ, ಇಲ್ಲವೇ 14 ದಿನ ಮಾತುಕತೆ ಇಲ್ಲದೆ ಮತ್ತೆ ಬರೆದಾಗ ಮಾತ್ರ ಹೋಗುತ್ತೆ. ಹಾಗಾಗಿ ಅಲ್ಲಿ ಒಂದು ತಮಾಷೆ ಇಟ್ಟರೆ ತಿಂಗಳಿಗೆ ಎರಡು ಸಲಕ್ಕಿಂತ ಹೆಚ್ಚು ಯಾರ ಕಣ್ಣಿಗೂ ಬೀಳೋದು ಕಷ್ಟ, ಬೇಗ ಹಳಸಲ್ಲ. ಕ್ವಿಕ್ ರಿಪ್ಲೈ ಕಥೆ ಬೇರೆ. ಓರೆಗೆರೆ (/) ಒತ್ತಿದರೆ ಸಿದ್ಧ ಉತ್ತರಗಳು ಬರುತ್ತವಲ್ಲ, ಅಂಥವು 50ರವರೆಗೆ ಇಟ್ಟುಕೊಳ್ಳಬಹುದು. ಆರ್ಡರ್ ಬಂತು, ದುಡ್ಡು ಬಂತು, ಪಾರ್ಸೆಲ್ ಹೋಯ್ತು ಅನ್ನುವ ದಿನನಿತ್ಯದ ಉತ್ತರಗಳೆಲ್ಲ ಅದರಲ್ಲೇ ಇರೋದು. ವಾರಕ್ಕೆ ಮೂರು ಸಲ ಹಾಲಿನ ಪೇಡ ತರಿಸುವ ಮನೆಗೆ ಮೂರು ಸಲವೂ ಅದೇ ಜೋಕು ಹೋಗುತ್ತೆ, ಎರಡನೇ ವಾರಕ್ಕೆ ಅವರಿಗೆ ನಿಮ್ಮ ಮೇಲೆ ಕನಿಕರ ಶುರುವಾಗುತ್ತೆ. ಹೆಚ್ಚು ಸಲ ಹೋಗುವ ಮೆಸೇಜಿನಲ್ಲಿ ಹಾಸ್ಯ ಕಡಿಮೆ ಇರಲಿ, ಧ್ವನಿ ಮಾತ್ರ ನಿಮ್ಮದಾಗಿರಲಿ. "ತಮ್ಮ ಪಾವತಿಯನ್ನು ಸ್ವೀಕರಿಸಲಾಗಿದೆ" ಬದಲು "ದುಡ್ಡು ಬಂತು ಸಾರ್, ₹640. ಸಂಜೆ ಐದರೊಳಗೆ ಹುಡುಗ ಬರ್ತಾನೆ" ಅಂದರೆ ಅಷ್ಟರಲ್ಲೇ ಮನುಷ್ಯ ಕಾಣ್ತಾನೆ.

ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ, ಅಂದರೆ ಒಂದೇ ಮೆಸೇಜು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೋಗುವ ಪಟ್ಟಿಯಲ್ಲಿ, 256 ಜನ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪೋದು. ಬಹಳ ಜನ ಇದು ಗೊತ್ತಿಲ್ಲದೆ "ನಮ್ಮ ಕಾಮಿಡಿ ವರ್ಕ್ ಆಗ್ತಿಲ್ಲ" ಅಂತ ಕೊರಗ್ತಾರೆ. ಮೆಸೇಜೇ ಹೋಗಿರಲ್ಲ ಸ್ವಾಮಿ. ಮೊದಲ ಬಿಲ್ ಕೊಡುವಾಗಲೇ ನಂಬರ್ ಸೇವ್ ಮಾಡಿಕೊಳ್ಳೋಕೆ ಹೇಳಿ. ಇನ್ನೊಂದು, ಫೋನಿನ ಪರದೆ ಮೇಲೆ ಕಾಣೋದು ಮೊದಲ ಸಾಲು ಮಾತ್ರ. ಕುತೂಹಲ ಹುಟ್ಟಿಸೋಣ ಅಂತ ಅಲ್ಲಿ "ಒಂದು ಕೆಟ್ಟ ಸುದ್ದಿ..." ಅಂತ ಬರೆದು, ಒಳಗೆ "ಹೋಳಿಗೆ ಖಾಲಿ" ಅಂದರೆ, ಮನೆಯವರು ಆಸ್ಪತ್ರೆಯಲ್ಲಿರುವ ಗ್ರಾಹಕರು ಅದನ್ನು ಹೇಗೆ ಓದ್ತಾರೆ ಯೋಚಿಸಿ.

ಎಸ್ಸೆಮ್ಮೆಸ್ಸಿನಲ್ಲಿ ಹಾಸ್ಯದ ಗೊಡವೆಯೇ ಬೇಡ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70. ಆ ಎಪ್ಪತ್ತರಲ್ಲೂ ಗುಣಿತದ ಚಿಹ್ನೆ, ಒತ್ತಕ್ಷರ ಎಲ್ಲ ಬಿಡಿಬಿಡಿಯಾಗಿ ಲೆಕ್ಕಕ್ಕೆ ಬರುತ್ತವೆ. "ಮೈಸೂರು" ನಮ್ಮ ಕಣ್ಣಿಗೆ ಮೂರಕ್ಷರ, ಕಂಪನಿ ಲೆಕ್ಕಕ್ಕೆ ಆರು. "ಮಂಡ್ಯ" ಎರಡಲ್ಲ, ಐದು. "ನಿಮ್ಮ ಸೀರೆಗೆ ಫಾಲ್ಸ್ ಹಾಕಿ ಆಯ್ತು. ಬಂದು ತಗೊಂಡು ಹೋಗಿ." ಇಷ್ಟಕ್ಕೇ 49. ಒಂದು ಜಾಗ ಬಿಟ್ಟು "ಶ್ರೀ ಚಾಮುಂಡೇಶ್ವರಿ" ಅಂತ ಸೇರಿಸಿ, 67. "ಟೆಕ್ಸ್‌ಟೈಲ್ಸ್" ಅನ್ನೋಕೆ ಹೋದರೆ ಎರಡನೇ ಎಸ್ಸೆಮ್ಮೆಸ್ಸಿನ ದುಡ್ಡು ಕಟ್ಟಬೇಕು. ಸಾಲದ್ದಕ್ಕೆ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ 2018ರ ನಿಯಮದ ಪ್ರಕಾರ ವಾಕ್ಯದ ನಮೂನೆಯನ್ನೇ ಮೊದಲು ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ನೋಂದಾಯಿಸಿರಬೇಕು. ಅನುಮತಿ ತಗೊಂಡು ಮಾಡುವ ಜೋಕಿಗೆ ಯಾರು ನಗ್ತಾರೆ? ಅಲ್ಲಿ ವಿಷಯ ಹೇಳಿ ಮುಗಿಸಿ.

ಎಲ್ಲಕ್ಕಿಂತ ಹೆಚ್ಚು ಜನ ಎಡವೋದು ಬಾಕಿ ಕೇಳುವಾಗ. ಮೊದಲ ನೆನಪೋಲೆಗೆ ಸ್ವಲ್ಪ ನಗು ಒಳ್ಳೇದು, ಕೇಳುವವರ ಮುಜುಗರವೂ ಕೊಡುವವರ ಮುಜುಗರವೂ ಇಳಿಯುತ್ತೆ. ಆದರೆ ದುಡ್ಡಿನ ಸಾಲು ಮೊದಲು ಬರಲಿ, ಚೊಕ್ಕವಾಗಿರಲಿ: "ಸಾರ್, ಬಿಲ್ ನಂ. 118, ₹14,600, ಗಡುವು 10ನೇ ತಾರೀಖಿಗೆ ಮುಗೀತು. ನಮ್ಮ ಲೆಕ್ಕದ ಪುಸ್ತಕ ನಿಮ್ಮ ಪುಟದಲ್ಲೇ ಬಾಯಿ ತೆಗೆದು ಕೂತಿದೆ. ಶುಕ್ರವಾರದೊಳಗೆ ಹಾಕಿಬಿಟ್ಟರೆ ಅದನ್ನ ಮುಚ್ಚಿಡ್ತೀನಿ." ಬಿಲ್ ನಂಬರು, ಮೊತ್ತ, ತಾರೀಖು, ಹೊಸ ಗಡುವು, ಇವು ನಾಲ್ಕೂ ಇವೆ. ನಗು ಇರೋದು ಒಂದೇ ಸಾಲಿನಲ್ಲಿ, ಅದೂ ನಿಮ್ಮ ಪುಸ್ತಕದ ಮೇಲೆ. ಒಂದು ವಾರ ಬಿಟ್ಟು ಕಳಿಸುವ ಎರಡನೆಯದರಲ್ಲಿ ನಗು ಬೇಡ, ಬರೀ ಆ ನಾಲ್ಕು ವಿವರ. ಮೂರನೆಯದರಲ್ಲಿ ಕಾನೂನು ಮಾತಾಡಲಿ. ಸರ್ಕಾರದ ಉದ್ಯಮ್ ನೋಂದಣಿ ಇರುವ ಸೂಕ್ಷ್ಮ, ಸಣ್ಣ ತಯಾರಕರಾಗಿದ್ದರೆ ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ನಿಮ್ಮ ಜೊತೆಗಿದೆ. ಕೊಂಡವರು ದುಡ್ಡು ಕೊಡೋದು ಬರಹದ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಮೂರನೇ ಪತ್ರದಲ್ಲೂ ಜೋಕು ಉಳಿಸಿಕೊಂಡರೆ "ಇವರೇನು ಸೀರಿಯಸ್ಸಾಗಿ ಕೇಳ್ತಿಲ್ಲ" ಅಂತ ಅವರು ಇನ್ನೂ ಒಂದು ತಿಂಗಳು ತಳ್ಳುತ್ತಾರೆ. ಇನ್ನು ಬಾಕಿ ವಿಷಯವನ್ನು ಗ್ರೂಪಿನಲ್ಲಿ ಎತ್ತೋದು ಹಾಸ್ಯವಲ್ಲ, ಮರ್ಯಾದೆ ತೆಗೆಯೋದು. ಆ ಗ್ರಾಹಕರೂ ಹೋದರು, ನೋಡಿದ ಇನ್ನು ನಾಲ್ಕು ಜನವೂ ಹೋದರು.

ನೀವೇ ಬಾಕಿ ಉಳಿಸಿಕೊಂಡಿದ್ದರೆ ಇನ್ನೂ ಎಚ್ಚರ ಬೇಕು. ಸಕ್ಕರೆ ಕಾರ್ಖಾನೆಗೆ ಕಬ್ಬು ಕೊಟ್ಟ 14 ದಿನದೊಳಗೆ ರೈತರಿಗೆ ದುಡ್ಡು ಸೇರಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತೆ. ಅಂಥ ದುಡ್ಡಿಗೆ ಕಾಯ್ತಾ ಕೂತವರಿಗೆ "ಸಿಹಿ ಸುದ್ದಿಗೆ ಸ್ವಲ್ಪ ಕಾಯಿರಿ" ಅಂತ ಚಮತ್ಕಾರದ ಮೆಸೇಜು ಕಳಿಸುವವರ ಧೈರ್ಯ ದೊಡ್ಡದು. ದೂರಿಗೂ ಇದೇ ನಿಯಮ. ಏನಾಯ್ತು, ಏನು ಮಾಡ್ತೀವಿ, ಯಾವಾಗ ಆಗುತ್ತೆ, ಈ ಮೂರು ಹೇಳಿ. ಸರಿಯಾದ ಮೇಲೆ ಅವರೇ ನಕ್ಕರೆ ನೀವೂ ನಗಿ.

ಊರಿನ ಮನಸ್ಸು ಹೇಗಿದೆ ಅಂತಲೂ ನೋಡಬೇಕು. ಕೆಆರ್‌ಎಸ್ ತುಂಬಿದ ದಿನ "ಕಟ್ಟೆ 124.80 ಅಡಿ ಮುಟ್ಟಿತು, ಇವತ್ತು ನಮ್ಮ ಕಾಫಿ ಲೋಟಾನೂ ಅಂಚಿನವರೆಗೆ" ಅಂತ ಒಂದು ಹೋಟೆಲ್ ಸ್ಟೇಟಸ್ ಹಾಕಿದರೆ ಇಡೀ ಮಂಡ್ಯ ನಗುತ್ತೆ. 2023ರಂಥ ವರ್ಷ, ಕಟ್ಟೆ ತುಂಬದೆ, ಕಾವೇರಿಗಾಗಿ ಜನ ಹೆದ್ದಾರಿಯಲ್ಲಿ ಕೂತಿದ್ದಾಗ ನೀರಿನ ಮೇಲೆ ಒಂದು ಪನ್ ಹಾಕಿದ್ದರೆ ಅಂಗಡಿ ಮುಂದೆ ಜನ ಸೇರೋರು, ವ್ಯಾಪಾರಕ್ಕಲ್ಲ. ಮೊದಲೇ ಶೆಡ್ಯೂಲ್ ಮಾಡಿಟ್ಟ ಪೋಸ್ಟುಗಳಲ್ಲಿ ಈ ಅಪಾಯ ಜಾಸ್ತಿ. ಬಂದ್ ಇರಲಿ, ದೊಡ್ಡವರ ಸಾವಿರಲಿ, ಬೆಳಿಗ್ಗೆ ಎದ್ದ ಕೂಡಲೇ ಅವನ್ನು ನಿಲ್ಲಿಸುವ ಕೆಲಸ ಅಂಗಡಿಯಲ್ಲಿ ಒಬ್ಬರ ಹೆಸರಿಗೆ ಬರೆದಿರಬೇಕು.

ದಿನದ ಸುದ್ದಿ ಹಿಡಿದು ನಗಿಸುವುದರಲ್ಲಿ ಅಮುಲ್ ಹುಡುಗಿಯನ್ನು ಮೀರಿಸಿದವರಿಲ್ಲ, 1966ರಿಂದ ನಡೆದುಕೊಂಡು ಬಂದಿದೆ. (ನಂದಿನಿ ಅಭಿಮಾನಿಗಳು ಬೈಯಬೇಡಿ, ಬೆಣ್ಣೆಯ ಮಾತಲ್ಲ, ಬೋರ್ಡಿನ ಮಾತು.) ಅಲ್ಲಿ ಗಮನಿಸಬೇಕಾದ್ದು ಜೋಕಿಗಿಂತ ಅದರ ಚೌಕಟ್ಟು. ಅದೇ ಚುಕ್ಕಿ ಫ್ರಾಕು, ಒಂದು ಚಿತ್ರ, ಮೇಲೊಂದು ಸಾಲು, ಕೆಳಗೆ ಬೆಣ್ಣೆಗೆ ಒಂದು ಮಾತು. ಸಣ್ಣ ಅಂಗಡಿಯವರು ದಿನಾ ಹಾಗೆ ಮಾಡೋಕೆ ಹೋಗಿ ಹದಿನೈದೇ ದಿನಕ್ಕೆ ಸುಸ್ತಾಗ್ತಾರೆ. ವಾರಕ್ಕೊಂದು ಸಾಕು, ಗುರುತು ಸಿಗುವ ಹಾಗೆ ಒಂದೇ ಥರದಲ್ಲಿ.

ಗೋಡೆ ಮೇಲಿನ ಬೋರ್ಡುಗಳನ್ನೂ ಬಿಡಬೇಡಿ. "ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಅನ್ನುವ ಬೋರ್ಡಿನಲ್ಲಿ ಸೊಗಸೂ ಇಲ್ಲ, ಬಲವೂ ಇಲ್ಲ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸ್ ತಗೊಳ್ಳಲ್ಲ ಅನ್ನೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ. "ಹರಿದಿದ್ರೆ, ಬಣ್ಣ ಬಿಟ್ರೆ ಬಿಲ್ ಸಮೇತ ತನ್ನಿ, ಬದಲಾಯಿಸಿ ಕೊಡ್ತೀವಿ. ನಾದಿನಿಗೆ ಇಷ್ಟ ಆಗ್ಲಿಲ್ಲ ಅಂದ್ರೆ ನಾವೂ ಏನೂ ಮಾಡೋಕಾಗಲ್ಲ." ನಿಯಮವೂ ಸ್ಪಷ್ಟ, ಗಲ್ಲಾದ ಮುಂದೆ ಆಗುವ ಅರ್ಧ ಜಗಳವೂ ಇಲ್ಲ.

ಇದೆಲ್ಲ ಕೆಲಸ ಮಾಡ್ತಿದೆಯಾ ಅಂತ ತಿಳಿಯೋಕೆ ನಗುವ ಇಮೋಜಿ ಎಣಿಸಬೇಡಿ. ಗ್ರಾಹಕರನ್ನು ಎರಡು ಲಿಸ್ಟ್ ಮಾಡಿ. ಒಂದೇ ಮಾಲು, ಒಂದೇ ಬೆಲೆ, ಒಂದೇ ಹೊತ್ತು. ಒಂದಕ್ಕೆ ಸಪ್ಪೆ ಮೆಸೇಜು, ಇನ್ನೊಂದಕ್ಕೆ ನಿಮ್ಮ ಮಾತಿನದು. ಯಾವ ಲಿಸ್ಟಿನಿಂದ ಬಂದ ಆರ್ಡರ್ ಅಂತ ಲೇಬಲ್ ಹಾಕ್ತಾ ಹೋಗಿ, ನಾಲ್ಕೈದು ಸಲ ಮಾಡಿದ ಮೇಲೆ ಆರ್ಡರ್ ಎಣಿಸಿ. ಪಿತೃಪಕ್ಷದ ಹದಿನೈದು ದಿನದಲ್ಲಿ ಮಾತ್ರ ಈ ಪರೀಕ್ಷೆ ಇಟ್ಟುಕೊಳ್ಳಬೇಡಿ. ಆಗ ಸೀರೆ ಅಂಗಡಿಗೆ ಸಪ್ಪೆ ಮೆಸೇಜಿಗೂ ಜನ ಬರಲ್ಲ, ಉಪ್ಪುಖಾರ ಹಾಕಿದ್ದಕ್ಕೂ ಬರಲ್ಲ.