ಮರಿ ಎಷ್ಟು ಸಾರ್?

ನಾಯಿ ಬಿಸ್ಕತ್ತಿನ ಪೊಟ್ಟಣದ ಮೇಲೆ ಎಂಆರ್‌ಪಿ ಇರುತ್ತದೆ. ನಾಯಿ ಶಾಂಪೂ ಬಾಟಲಿಯ ಮೇಲೂ ಇರುತ್ತದೆ. ಕುತ್ತಿಗೆಯ ಬೆಲ್ಟಿಗೆ ಕೂಡ ಬೆಲೆಯ ಚೀಟಿ ನೇತಾಡುತ್ತಿರುತ್ತದೆ. ಬೆಲೆ ಕಾಣದೇ ಇರುವುದು ನಾಯಿಯದ್ದು ಮಾತ್ರ.

ಮರಿ ಮಾರುವವರ ಜಾಹೀರಾತು ನೋಡಿ. ಅಪ್ಪನ ಫೋಟೋ ಇರುತ್ತದೆ, ಅಮ್ಮನ ಫೋಟೋ ಇರುತ್ತದೆ. ತಾತ ಯಾವ ಡಾಗ್ ಶೋನಲ್ಲಿ ಕಪ್ ಗೆದ್ದಿದ್ದ ಅನ್ನುವುದೂ ಇರುತ್ತದೆ. ಹೆವಿ ಬೋನ್, ಚಾಂಪಿಯನ್ ಲೈನ್, ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ಕೊಡುವ ವಂಶಾವಳಿಯ ಪೇಪರ್ ಇದೆ, ಹೀಗೆ ಮದುವೆ ಗಂಡಿಗೂ ಇಲ್ಲದಷ್ಟು ವಿವರ. ಎಲ್ಲ ಓದಿಕೊಂಡು ಕೊನೆಗೆ ಬಂದರೆ, 'ಬೆಲೆಗೆ ಇನ್‌ಬಾಕ್ಸ್ ಮಾಡಿ'. ಸ್ವಲ್ಪ ಗತ್ತಿನವರಾದರೆ ಅದರ ಕೆಳಗೆ ಇನ್ನೊಂದು ಸಾಲು: 'ನಿಜವಾಗಿ ಕೊಳ್ಳುವವರು ಮಾತ್ರ ಫೋನ್ ಮಾಡಿ'. ನಾನು ನಿಜವಾಗಿ ಕೊಳ್ಳುವವನೋ ಅಲ್ಲವೋ ಅನ್ನುವುದು ಬೆಲೆ ಕೇಳಿದ ಮೇಲೆ ತಾನೇ ನನಗೇ ಗೊತ್ತಾಗಬೇಕು?

ಆಯ್ತು, ಫೋನ್ ಮಾಡಿ ಎಷ್ಟು ಅಂತ ಕೇಳಿದಿರಿ ಅನ್ನಿ. ಉತ್ತರದ ಬದಲು ಪ್ರಶ್ನೆಗಳು ಬರುತ್ತವೆ. "ಎಲ್ಲಿಂದ ಸಾರ್ ಮಾತಾಡ್ತಿರೋದು? ಸ್ವಂತ ಮನೆನಾ, ಅಪಾರ್ಟ್‌ಮೆಂಟಾ? ಕೆಲಸ ಎಲ್ಲಿ?" ಈ ಪ್ರಶ್ನೆಗಳಲ್ಲಿ ತಪ್ಪೇನೂ ಇಲ್ಲ. ಒಳ್ಳೆಯ ಬ್ರೀಡರ್, ಅಂದರೆ ತಳಿ ಬೆಳೆಸಿ ಮರಿ ಮಾರುವವನು, ಕೇಳಲೇಬೇಕು. ಎರಡು ತಿಂಗಳು ಸಾಕಿದ ಮರಿಯನ್ನು ಹಗಲೆಲ್ಲ ಬೀಗ ಹಾಕಿಕೊಂಡು ಹೋಗುವ ಮನೆಗೆ ಕೊಡಲು ಅವನಿಗೆ ಮನಸ್ಸಾಗುವುದಿಲ್ಲ. ಆದರೆ ಬೆಲೆಯನ್ನು ಬಚ್ಚಿಟ್ಟುಕೊಂಡು ಇದೇ ಪ್ರಶ್ನೆ ಕೇಳಿದರೆ ಅನುಮಾನ ಶುರುವಾಗುತ್ತದೆ. ಇವನು ಮರಿಗಾಗಿ ಮನೆ ಅಳೆಯುತ್ತಿದ್ದಾನೋ, ತನಗಾಗಿ ನನ್ನ ಜೇಬು ಅಳೆಯುತ್ತಿದ್ದಾನೋ? ಜಯನಗರ ಅಂದರೆ ಒಂದು ರೇಟು, ನೆಲಮಂಗಲ ಅಂದರೆ ಇನ್ನೊಂದು ರೇಟು ಇರಬಹುದಲ್ವಾ? ಬೆಲೆ ಮೊದಲೇ ಬರೆದಿದ್ದರೆ ಈ ಅನುಮಾನವೇ ಹುಟ್ಟುವುದಿಲ್ಲ. ಆಗ ಅವನು ನನ್ನ ಸಂಬಳ ಕೇಳಿದರೂ ನಾನು ಸಂತೋಷವಾಗಿ ಹೇಳುತ್ತೇನೆ. ನನ್ನ ವಾದವೆಲ್ಲ ಇಷ್ಟೇ. ಉಳಿದದ್ದು ಹರಟೆ.

ಗುಟ್ಟಿನ ವ್ಯಾಪಾರ ನಮಗೇನೂ ಹೊಸದಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲೋ ಸಿದ್ಧಗಂಗೆಯ ಜಾತ್ರೆಯಲ್ಲೋ ಹಳೇ ಕಾಲದ ದಲ್ಲಾಳಿಗಳನ್ನು ನೋಡಿದವರಿಗೆ ಗೊತ್ತು. ಕೈ ಮೇಲೆ ಟವೆಲ್ ಹಾಕಿಕೊಳ್ಳುತ್ತಾರೆ. ಒಳಗೆ ಬೆರಳು ಹಿಡಿದು ಒತ್ತುತ್ತಾರೆ. ಇಷ್ಟು ಬೆರಳು ಹಿಡಿದರೆ ಇಷ್ಟು ಸಾವಿರ. ಸುತ್ತ ನಿಂತ ಹತ್ತು ಜನಕ್ಕೆ ಏನೂ ತಿಳಿಯುವುದಿಲ್ಲ. ಇನ್‌ಬಾಕ್ಸ್ ಅನ್ನುವುದು ಈ ಕಾಲದ ಟವೆಲ್. ಒಂದೇ ವ್ಯತ್ಯಾಸ. ಅಲ್ಲಿ ಟವೆಲ್ ಹಾಕುವ ಹೊತ್ತಿಗೆ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸಿ ಆಗಿರುತ್ತದೆ, ಸುಳಿ ನೋಡಿ ಆಗಿರುತ್ತದೆ, ನಾಲ್ಕು ಹೆಜ್ಜೆ ನಡೆಸಿಯೂ ಆಗಿರುತ್ತದೆ. ಇಲ್ಲಿ ನಮಗೆ ಸಿಕ್ಕಿರುವುದು ಬುಟ್ಟಿಯಲ್ಲಿ ಕೂರಿಸಿ ರಿಬ್ಬನ್ ಕಟ್ಟಿ ತೆಗೆದ ಒಂದು ಫೋಟೋ. ಅದು ಇದೇ ಮರಿಯದ್ದೇ ಅಂತಲೂ ಹೇಳಲಾಗದು.

ಮುಚ್ಚಿಡುವವರೆಲ್ಲ ಕಳ್ಳರಲ್ಲ ಅನ್ನುವುದನ್ನೂ ಹೇಳಬೇಕು. ಫೇಸ್‌ಬುಕ್ಕಿನಲ್ಲಿ ಜನ ತಮ್ಮತಮ್ಮಲ್ಲೇ ಪ್ರಾಣಿ ಮಾರುವಂತಿಲ್ಲ ಎಂದು ಅವರದೇ ನಿಯಮ ಇದೆ. ಬೆಲೆ ಕಂಡರೆ ಪೋಸ್ಟ್ ಹಾರಿಹೋಗಬಹುದು. ಹಾಗಾಗಿ ಮಾರಾಟಕ್ಕಿರುವ ಮರಿಗೂ 'ಹೊಸ ಮನೆ ಬೇಕಾಗಿದೆ' ಎಂದು ಬರೆಯುತ್ತಾರೆ. ಓದಿದವರಿಗೆ ಪಾಪ ಅನ್ನಿಸಬೇಕು, ಫೋನ್ ಮಾಡಿದರೆ 35 ಸಾವಿರ.

ತುಮಕೂರಿನ ಕಡೆ ನನಗೊಬ್ಬ ಸ್ನೇಹಿತನಿದ್ದಾನೆ. ಲ್ಯಾಬ್ರಡಾರ್ ಸಾಕಿ ಮರಿ ಮಾರುತ್ತಾನೆ. ಅವನನ್ನೇ ಕೇಳಿದೆ, ಯಾಕಪ್ಪಾ ನೀವೆಲ್ಲ ಬೆಲೆ ಹಾಕೋದಿಲ್ಲ ಅಂತ.

"ಗಿರಾಕಿ ಭಯ ಅಲ್ಲ ಕಣೋ, ನೆಂಟರ ಭಯ" ಅಂದ. "ಎಂಟು ಮರಿ. ಒಂದಕ್ಕೆ 20 ಸಾವಿರ ಅಂತ ಹಾಕಿದೆ ಅಂದ್ಕೋ. ನಮ್ಮ ಚಿಕ್ಕಪ್ಪ ಬಾಯಲ್ಲೇ ಗುಣಾಕಾರ ಮಾಡ್ತಾರೆ. ಒಂದು ಲಕ್ಷದ ಅರವತ್ತು ಸಾವಿರ! ಸಾಯಂಕಾಲ ಕಾಫಿಗೆ ಬಂದು ಸಾಲ ಕೇಳ್ತಾರೆ."

ಚಿಕ್ಕಪ್ಪನ ಗುಣಾಕಾರದಲ್ಲಿ ಕಳೆಯುವ ಲೆಕ್ಕ ಬರುವುದೇ ಇಲ್ಲ. ಗಂಡು ನಾಯಿಯ ಮಾಲೀಕನಿಗೆ ಕ್ರಾಸಿಂಗ್ ಫೀಸು ಕೊಡಬೇಕು, ಇಲ್ಲವೇ ಹುಟ್ಟಿದ್ದರಲ್ಲಿ ಚೆನ್ನಾಗಿರುವ ಮರಿಯನ್ನು ಅವನು ಮೊದಲು ಆರಿಸಿಕೊಂಡು ಹೋಗುತ್ತಾನೆ. ಬಸುರಿ ನಾಯಿಗೆ ಸುಮಾರು 63 ದಿನದ ಆರೈಕೆ, ಸ್ಕ್ಯಾನಿಂಗ್. ಹೆರಿಗೆ ಕಷ್ಟವಾದರೆ ಆಪರೇಷನ್ನು. ಮರಿಗಳು ಹಾಲು ಬಿಡುವ ಹೊತ್ತಿಗೆ ಸೆರೆಲ್ಯಾಕ್ ಡಬ್ಬಗಳು ಸಾಲಾಗಿ ಖಾಲಿಯಾಗುತ್ತವೆ. ಜಂತುಹುಳುವಿನ ಔಷಧಿ, ಲಸಿಕೆ. ನಡುವೆ ಪಾರ್ವೋ ಅನ್ನುವ ವೈರಸ್ ಕಾಯಿಲೆ ಬಂದುಬಿಟ್ಟರೆ ವಾರದೊಳಗೆ ಗೂಡೇ ಖಾಲಿ. ಎಂಟು ಹುಟ್ಟಿದವು ಅಂದರೆ ಎಂಟು ಮಾರಿದ ಹಾಗಲ್ಲ.

ಇದನ್ನೆಲ್ಲ ಕೇಳಿದ ಮೇಲೆ ನನಗೆ ಬೆಲೆ ಬರೆಯಲೇಬೇಕು ಅನ್ನುವುದು ಇನ್ನೂ ಜಾಸ್ತಿಯಾಯಿತು. ಬೆಲೆ ಒಂದನ್ನೇ ಅಲ್ಲ, ಅದರಲ್ಲಿ ಏನೇನು ಸೇರಿದೆ ಅನ್ನುವುದನ್ನೂ ಬರೆಯಲಿ. 2017ರಲ್ಲಿ ಕೇಂದ್ರ ಸರ್ಕಾರ ನಾಯಿ ತಳಿ ಬೆಳೆಸಿ ಮಾರುವವರಿಗೆ ನಿಯಮ ಮಾಡಿದೆ. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ಎಂಟು ವಾರ ತುಂಬದ ಮರಿ ಮಾರಬಾರದು. ತಾಯಿಗೆ 18 ತಿಂಗಳಾದರೂ ಆಗಿರಬೇಕು. ವರ್ಷಕ್ಕೆ ಒಂದೇ ಸೂಲು, ಜೀವಮಾನಕ್ಕೆ ಐದು ದಾಟುವಂತಿಲ್ಲ. ಲಸಿಕೆ, ಗುರುತಿಗೆ ಚರ್ಮದಡಿ ಹಾಕುವ ಮೈಕ್ರೋಚಿಪ್ ಬೇರೆ. ಇಷ್ಟನ್ನೂ ಮಾಡಿದವನ ಮರಿ ಐದು ಸಾವಿರಕ್ಕೆ ಬರುವುದು ಹೇಗೆ ಸಾಧ್ಯ? ಪಕ್ಕದವನು ಐದು ಸಾವಿರಕ್ಕೆ ಕೊಡುತ್ತಾನೆ ಅಂದರೆ ಯಾವುದನ್ನೋ ಬಿಟ್ಟಿದ್ದಾನೆ. ಒಂದೋ ವಾರಗಳನ್ನು, ಇಲ್ಲ ಸೂಜಿಯನ್ನು, ಇಲ್ಲ ಆ ತಾಯಿ ನಾಯಿಯ ಮೇಲಿನ ಕರುಣೆಯನ್ನು. ಎರಡೂ ಬೆಲೆ ಬಯಲಲ್ಲಿ ಇದ್ದರೆ ಗಿರಾಕಿಯೇ ಯಾಕಿಷ್ಟು ಅಂತರ ಎಂದು ಕೇಳುತ್ತಾನೆ. ಎರಡೂ ಇನ್‌ಬಾಕ್ಸಿನಲ್ಲಿದ್ದರೆ ಕಡಿಮೆ ಹೇಳಿದವನೇ ಒಳ್ಳೆಯವನು.

ಬೆಲೆಯನ್ನು ಬಯಲಲ್ಲಿ ಕೂಗಿ ಹೇಳಿದ್ದೂ ಉಂಟು. 2025ರಲ್ಲಿ ಬೆಂಗಳೂರಿನ ಒಬ್ಬರು ಒಂದು ನಾಯಿಗೆ 50 ಕೋಟಿ ರೂಪಾಯಿ ಕೊಟ್ಟೆ ಅಂದದ್ದು ದೇಶವೆಲ್ಲ ಸುದ್ದಿಯಾಯಿತು. ಕೋಟಿ ಎಂದ ಕೂಡಲೇ ಜಾರಿ ನಿರ್ದೇಶನಾಲಯದವರು ಬಾಗಿಲು ತಟ್ಟಿದರು. 50 ಕೋಟಿಯೂ ಇಲ್ಲ, ಆ ನಾಯಿಯೂ ಅವರದ್ದಲ್ಲ ಎಂದು ಆಮೇಲೆ ಪತ್ರಿಕೆಗಳು ಬರೆದವು. ನಾನು ಹೇಳುವ ಬಹಿರಂಗ ಬೆಲೆ ಇಂಥದ್ದಲ್ಲ ಅಂತ ಬೇರೆ ಹೇಳಬೇಕಿಲ್ಲ ತಾನೇ?

ಬೆಲೆ ಒಂದು ಕಡೆ ನಿಲ್ಲದಿರುವುದಕ್ಕೆ ನಾವೂ ಕಾರಣ. ಹಿಂದೆ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಒಬ್ಬ ಹುಡುಗನ ಹಿಂದೆ ಪಗ್ ನಾಯಿಯೊಂದು ಓಡಾಡಿತು. ಅಷ್ಟೇ. ಊರಿಗೆಲ್ಲ 'ಹಚ್ ನಾಯಿ' ಬೇಕಾಯಿತು, ಮಾರುವವನ ಬಾಯಿಗೆ ಬಂದದ್ದೇ ರೇಟು. ನಮ್ಮ ಮುಧೋಳ ನಾಯಿಯ ಕಥೆಯೂ ಅದೇ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಒಂದು ಜೋಡಿಯನ್ನು ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟಾಗ ಬೆಲೆಯ ಮಾತೇ ಇರಲಿಲ್ಲ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ಅದರ ಬೆಲೆ ಐದು ರೂಪಾಯಿ, ಎಲ್ಲರಿಗೂ ಕಾಣುವ ಹಾಗೆ ಅಚ್ಚು ಹಾಕಿದ್ದರು. 2020ರ ಆಗಸ್ಟಿನಲ್ಲಿ ಪ್ರಧಾನಿ ಮೋದಿ ರೇಡಿಯೋದಲ್ಲಿ ಈ ತಳಿಯ ಹೆಸರು ಹೇಳಿದರು. ಅಲ್ಲಿಂದ ಮುಂದೆ ಎಷ್ಟೋ ಜನಕ್ಕೆ ಬೇಟೆ ನಾಯಿ ಬೇಕಾಯಿತು. ಗಾಳಿಯ ಹಾಗೆ ಓಡಬೇಕಾದ ಪ್ರಾಣಿ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಏನು ಮಾಡುತ್ತದೆ ಅಂತ ಯೋಚಿಸಿದವರು ಕಡಿಮೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಮುಧೋಳ ನಾಯಿಯೇ ಬೇಕು ಅನ್ನುವವರು ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು.

ಇನ್ನು ಕೊಂಡವರ ಕಥೆ. ಬ್ರೀಡರ್ ಬೆಲೆ ಮುಚ್ಚಿಟ್ಟ ಅಂತ ಬೈಯುವ ನಾವು, ಮರಿ ಕಂಕುಳಲ್ಲಿ ಇಟ್ಟುಕೊಂಡು ಮನೆ ಮೆಟ್ಟಿಲು ಹತ್ತುವಾಗಲೇ ಸುಳ್ಳು ಜೋಡಿಸಿಕೊಳ್ಳುತ್ತೇವೆ. ಹೆಂಡತಿಗೆ, "ಫ್ರೆಂಡ್ ಸುಮ್ನೆ ಕೊಟ್ಟ ಕಣೇ." ಅಪ್ಪನಿಗೆ, "ಎಂಟು ಸಾವಿರ ಅಷ್ಟೇ, ಲಸಿಕೆ ಖರ್ಚು ಅಂತ ತಗೊಂಡ." ಆಫೀಸಿನಲ್ಲಿ ಮಾತ್ರ ಕಾಲರ್ ಸರಿ ಮಾಡಿಕೊಂಡು, "ಅರವತ್ತು. ಚಾಂಪಿಯನ್ ಲೈನ್ ಅಲ್ವಾ!" ಕೊಟ್ಟಿದ್ದು ಈ ಮೂರೂ ಅಲ್ಲದ ಇನ್ನೊಂದು. ಬಹುಶಃ ಬೆಲೆ ಬಹಿರಂಗ ಆಗಬಾರದು ಅಂತ ಬ್ರೀಡರಿಗಿಂತ ಜಾಸ್ತಿ ಆಸೆ ಇರುವುದು ನಮಗೇ. ಬೆಲೆ ಹಾಕಿಬಿಟ್ಟರೆ ಮಾವನವರು ಅದೇ ಜಾಹೀರಾತನ್ನು ಫೋನಿನಲ್ಲಿ ಹುಡುಕಿ ತೆಗೆದು ಕೈಗೆ ಕೊಡುತ್ತಾರಲ್ಲ.

ನಮ್ಮ ಹಳ್ಳಿಯಲ್ಲಿ ಈ ತಾಪತ್ರಯ ಇರಲಿಲ್ಲ. ಬೀದಿ ನಾಯಿ ಹುಲ್ಲಿನ ಮೆದೆ ಪಕ್ಕ ಮರಿ ಹಾಕುತ್ತಿತ್ತು. ಬೇಕಾದವರು ಎತ್ತಿಕೊಂಡು ಹೋಗುತ್ತಿದ್ದರು. ಈಗಲೂ ಬೆಂಗಳೂರಿನ ಯಾವ ಬೀದಿಗೆ ಹೋದರೂ ಅಂಥ ಮರಿ ಸಿಗುತ್ತವೆ. ಬಿಟ್ಟಿ ಸಿಕ್ಕಿತು ಅಂತ ಅದಕ್ಕೆ ಲಸಿಕೆಯ ಖರ್ಚೇನೂ ಕಡಿಮೆಯಾಗುವುದಿಲ್ಲ, ಚಪ್ಪಲಿ ಕಡಿಯುವುದರಲ್ಲೂ ಅದು ಯಾವ ಚಾಂಪಿಯನ್ ಲೈನಿಗೂ ಸೋಲುವುದಿಲ್ಲ.

ನನ್ನ ಕಾಟ ತಡೆಯಲಾರದೆ ತುಮಕೂರಿನ ಸ್ನೇಹಿತ ಈ ಸಲ ವಾಟ್ಸಾಪ್ ಸ್ಟೇಟಸ್‌ನಲ್ಲಿ ಬೆಲೆ ಹಾಕಿಬಿಟ್ಟ. 'ಗಂಡು 22,000, ಹೆಣ್ಣು 20,000. ಲಸಿಕೆ, ಚಿಪ್, ಪೇಪರ್ ಎಲ್ಲ ಸೇರಿ. ಬಂದು ತಾಯಿ ನಾಯಿಯನ್ನೂ ನೋಡಬಹುದು. ಚೌಕಾಸಿ ಇಲ್ಲ.' ಇಷ್ಟು ಚೊಕ್ಕಟವಾಗಿ ಬರೆದವರನ್ನು ನಾನು ನೋಡಿಯೇ ಇರಲಿಲ್ಲ. ಹೇಗಿದೆ ಪ್ರತಿಕ್ರಿಯೆ ಅಂತ ಸಂಜೆ ಫೋನ್ ಮಾಡಿದೆ. ಮೊದಲ ಮೆಸೇಜು, "ಬ್ರೋ, ಲಾಸ್ಟ್ ಎಷ್ಟು?" ಅಂತ ಬಂದಿತ್ತಂತೆ. ಎರಡನೆಯದು ಚಿಕ್ಕಪ್ಪನದು.