ಶಾಂಘೈನಲ್ಲಿ ಹಾರ್ನ್ ಇಲ್ಲ, ಹುಷಾರು!

ಬೆಂಗಳೂರಿನಿಂದ ಶಾಂಘೈಗೆ ಕೆಲಸಕ್ಕೋ ಓದಿಗೋ ಹೊರಟವರು ಹಾವು ಚೇಳು ತಿನ್ನಿಸಿಬಿಟ್ಟಾರು ಅನ್ನೋ ಭಯಕ್ಕೆ ಸೂಟ್‌ಕೇಸಿನ ತುಂಬ ಅವಲಕ್ಕಿ, ಪುಳಿಯೋಗರೆ ಗೊಜ್ಜು ತುಂಬಿಕೊಂಡು ಹೋಗುತ್ತಾರೆ. ಆ ಭಯ ದಂಡ. ಅಲ್ಲಿ ಕೈಕೊಡುವುದು ನಮಗೆ ಚೆನ್ನಾಗಿ ಬರುತ್ತದೆ ಅಂದುಕೊಂಡ ಕೆಲಸಗಳೇ: ದುಡ್ಡು ಕೊಡುವುದು, ತರಕಾರಿ ಕೊಳ್ಳುವುದು, ರಸ್ತೆ ದಾಟುವುದು, ಕಸ ಹಾಕುವುದು.

ಮೊದಲು ದುಡ್ಡು. ತಳ್ಳುಗಾಡಿಯವನ ಬಳಿಯೂ ಕ್ಯೂಆರ್ ಕೋಡ್ ನೇತಾಡುತ್ತಿರುತ್ತದೆ. ನೋಡಿದೊಡನೆ ನಮ್ಮೂರಿಗೇ ಬಂದಷ್ಟು ಖುಷಿ. ಆದರೆ ನಮ್ಮ ಯುಪಿಐ ಆ ಕೋಡಿನ ಮುಂದೆ ಮೂಕ. ನೀಲಿ ಕೋಡ್ ಅಲಿಪೇ, ಹಸಿರು ಕೋಡ್ ವೀಚಾಟ್, ಎರಡೂ ಅಲ್ಲಿನವರು ದುಡ್ಡು ಕೊಡುವ ಆ್ಯಪ್‌ಗಳು. ಎರಡರಲ್ಲೊಂದನ್ನು ಊರಲ್ಲೇ ಫೋನಿಗೆ ಹಾಕಿಕೊಂಡು, ಪಾಸ್‌ಪೋರ್ಟ್ ತೋರಿಸಿ ನೋಂದಾಯಿಸಿ, ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿರಬೇಕು. ಇಲ್ಲೊಂದು ದೇಶೀ ತೊಡಕಿದೆ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ನಮ್ಮ ಕಾರ್ಡುಗಳು ಹುಟ್ಟುವಾಗಲೇ ವಿದೇಶಕ್ಕೆ ಬಾಗಿಲು ಹಾಕಿಕೊಂಡಿರುತ್ತವೆ. ಬ್ಯಾಂಕಿನ ಆ್ಯಪಿಗೆ ಹೋಗಿ ಅಂತಾರಾಷ್ಟ್ರೀಯ ಬಳಕೆ, ಅದರಲ್ಲೂ ಆನ್‌ಲೈನ್ ಬಳಕೆ, ಇವೆರಡನ್ನೂ ಆನ್ ಮಾಡಬೇಕು. ಓಟಿಪಿ ಬರುವುದು ಊರಿನ ನಂಬರಿಗೆ, ಹಾಗಾಗಿ ಆ ಸಿಮ್ಮಿಗೆ ರೋಮಿಂಗ್ ಇರಲೇಬೇಕು. ರೋಮಿಂಗ್ ಡೇಟಾದಿಂದ ಇನ್ನೊಂದು ಲಾಭವೂ ಉಂಟು. ಚೀನಾದ ನಿರ್ಬಂಧಕ್ಕೆ ಸಿಕ್ಕಿ ಹೋಟೆಲಿನ ವೈಫೈನಲ್ಲಿ ಉಸಿರು ಬಿಟ್ಟ ವಾಟ್ಸ್ಆ್ಯಪ್, ಊರಿನ ಸಿಮ್ಮಿನ ಡೇಟಾದಲ್ಲಿ ಎದ್ದು ಕೂರುತ್ತದೆ.

ವಿದೇಶಿ ಕಾರ್ಡಾದರೆ 200 ಯುವಾನ್‌ವರೆಗಿನ ಪಾವತಿಗೆ ಆ ಆ್ಯಪಿನವರು ಶುಲ್ಕ ಹಿಡಿಯುವುದಿಲ್ಲ. ದಾಟಿದರೆ ಶೇ. 3. ಇದು ಗೊತ್ತಾದ ಮರುಕ್ಷಣ ನಮ್ಮವರು 380 ಯುವಾನ್ ಬಿಲ್ಲನ್ನು ಎರಡು ಭಾಗ ಮಾಡಿಕೊಡಿ ಎಂದು ಕೈಸನ್ನೆಯಲ್ಲಿ ಕೇಳತೊಡಗುತ್ತಾರೆ. ಹಿಂದೆ ಕ್ಯೂನಲ್ಲಿ ನಿಂತವರ ಮುಖ ನೋಡದಿದ್ದರಾಯಿತು.

ತರಕಾರಿ ಮಾರ್ಕೆಟ್ಟಿನಲ್ಲಿ ಟೊಮೆಟೊ ಮೇಲೆ 5 ಎಂದು ಬರೆದಿದ್ದರೆ ಅದು ಅರ್ಧ ಕಿಲೋ ಬೆಲೆ. ಅಲ್ಲಿನ ವ್ಯವಹಾರವೆಲ್ಲ ‘ಜಿನ್’ ಲೆಕ್ಕ. ಒಂದು ಜಿನ್ ಅಂದರೆ 500 ಗ್ರಾಂ. ಒಂದು ಕಿಲೋ ಬೇಕೆಂದು ಒಂದು ಬೆರಳು ಎತ್ತಿದರೆ ಅರ್ಧ ಕಿಲೋ ತೂಗಿ ಕೊಡುತ್ತಾರೆ, ಬೆಲೆ ಸರಿಯಾಗಿಯೇ ಇದೆಯಲ್ಲ ಎಂದು ನೀವು ಖುಷಿಯಾಗಿ ಮನೆಗೆ ಬರುತ್ತೀರಿ, ಸಾರು ಮಾತ್ರ ತೆಳ್ಳಗಾಗುತ್ತದೆ. ಎರಡು ಬೆರಳು ಎತ್ತಿ. ಐದರ ತನಕ ಬೆರಳ ಲೆಕ್ಕ ನಮ್ಮದೇ. ಆರರಿಂದ ಒಂದೇ ಕೈಯ ಬೇರೆ ಮುದ್ರೆಗಳು ಶುರು. ಹೆಬ್ಬೆರಳು ಕಿರುಬೆರಳು ಚಾಚಿದರೆ ಆರು. ಹೆಬ್ಬೆರಳು ತೋರುಬೆರಳು ಚಾಚಿ ಅಂಗಡಿಯಾಕೆ ಪಿಸ್ತೂಲು ತೋರಿಸಿದರೆ ಗಾಬರಿ ಬೇಡ, ಎಂಟು ಯುವಾನ್ ಕೇಳುತ್ತಿದ್ದಾಳೆ ಅಷ್ಟೆ.

ರಸ್ತೆ ದಾಟುವ ವಿಷಯಕ್ಕೆ ಬಂದರೆ ಸಿಲ್ಕ್ ಬೋರ್ಡ್ ಪದವೀಧರರಿಗೆ ಜಂಬ ಜಾಸ್ತಿ. ನಾವು ಅರ್ಧ ರಸ್ತೆ ದಾಟುವುದು ಕಿವಿಯಿಂದ. ಹಾರ್ನ್ ಕೇಳಿದರೆ ನಿಲ್ಲು, ಕೇಳದಿದ್ದರೆ ನಡಿ. ಶಾಂಘೈನ ಹೊರವರ್ತುಲ ರಸ್ತೆಯ ಒಳಗೆ 2007ರಿಂದ ಹಾರ್ನ್ ನಿಷೇಧ. ಸ್ಕೂಟರುಗಳೆಲ್ಲ ಹೆಚ್ಚುಕಮ್ಮಿ ಬ್ಯಾಟರಿಯವು, ಎಂಜಿನ್ ಸದ್ದೂ ಇಲ್ಲ. ಊಟದ ಡಬ್ಬಿ ಹೊತ್ತ ಡೆಲಿವರಿ ಹುಡುಗ ಬೆಕ್ಕಿನ ಹಾಗೆ ಬಂದು ನಿಮ್ಮ ಮೊಣಕೈ ಸವರಿಕೊಂಡು ಹೋದ ಮೇಲೆಯೇ ಅವನು ಬಂದದ್ದು ತಿಳಿಯುವುದು. ವಾಹನಗಳು ಓಡುವುದು ರಸ್ತೆಯ ಬಲಕ್ಕೆ, ಹಾಗಾಗಿ ಫುಟ್‌ಪಾತ್ ಇಳಿಯುವಾಗ ಮೊದಲು ಎಡಕ್ಕೆ ನೋಡಬೇಕು. ಹಸಿರು ಮನುಷ್ಯ ಬಂದನೆಂದು ನುಗ್ಗಬೇಡಿ. ಪಕ್ಕದ ರಸ್ತೆಯಿಂದ ಬಲಕ್ಕೆ ತಿರುಗುವ ಕಾರುಗಳಿಗೂ ಅದೇ ಹೊತ್ತಿಗೆ ದಾರಿ ಇರುತ್ತದೆ, ಅವು ನಿಮ್ಮ ಎಡಭುಜದ ಹಿಂದಿನಿಂದ ಬರುತ್ತವೆ. ಕಾಯ್ದೆ ಪ್ರಕಾರ ಅವರೇ ನಿಲ್ಲಬೇಕು. ಕಾಯ್ದೆಯನ್ನು ನಂಬುವುದಕ್ಕಿಂತ ಒಮ್ಮೆ ಹಿಂದೆ ತಿರುಗಿ ನೋಡುವುದೇ ವಾಸಿ.

ಶೌಚಾಲಯ ನೋಡಿದರೆ ಮತ್ತೆ ಅದೇ ಖುಷಿ: ಕುಕ್ಕರುಗಾಲಿನದು! ಒಳಗೆ ಕೂತ ಮೇಲೆ ನೋಡಿದರೆ ನಲ್ಲಿ ಇಲ್ಲ, ಚೊಂಬು ಇಲ್ಲ, ಕಾಗದವೂ ಇಲ್ಲ. ಎಷ್ಟೋ ಕಡೆ ಕಾಗದದ ಸುರುಳಿ ಎಲ್ಲರಿಗೂ ಒಂದೇ, ಅದು ಹೊರಗೆ ಬಾಗಿಲ ಬಳಿ ಇರುತ್ತದೆ. ಬೇಕಾದಷ್ಟನ್ನು ಮೊದಲೇ ಅಂದಾಜು ಮಾಡಿ ಹರಿದುಕೊಂಡು ಹೋಗಬೇಕು. ಚೀಲದಲ್ಲಿ ಟಿಶ್ಯೂ, ಒಂದು ಬಾಟಲಿ ನೀರು ಯಾವಾಗಲೂ ಇರಲಿ.

ಸಸ್ಯಾಹಾರಿಗಳು ‘ಮಾಂಸ ಬೇಡ’ ಅಂದರೆ ಸಾಲದು. ಹುರಿದ ಹುರುಳಿಕಾಯಿ, ಮಾಪೊ ತೋಫು, ಇವು ಹೆಸರಿಗೆ ತರಕಾರಿ, ತೋಫು. ಕೈಮಾ ಅವುಗಳಿಗೆ ನಮ್ಮ ಒಗ್ಗರಣೆ ಇದ್ದಂತೆ, ಅದನ್ನು ಯಾರೂ ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ವೊ ಚಿ ಸು’ ಎನ್ನಿ, ನಾನು ಸಸ್ಯಾಹಾರಿ ಎಂದು. ಬೌದ್ಧ ಪದ್ಧತಿಯಂತೆ ಕೆಲವರು ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟು ಬಡಿಸುತ್ತಾರೆ. ಮಡಿ ಅಡುಗೆ ಸಿಕ್ಕಿತೆಂದುಕೊಳ್ಳಿ. ಜೇಡ್ ಬುದ್ಧ ದೇವಸ್ಥಾನದ ಸಸ್ಯಾಹಾರಿ ನೂಡಲ್ಸ್‌ಗೆ ಧೈರ್ಯವಾಗಿ ಹೋಗಬಹುದು. ಇಂಥ ಸಸ್ಯಾಹಾರಿ ಹೋಟೆಲುಗಳ ಮೆನುವಿನಲ್ಲಿ ಬಾತುಕೋಳಿಯ ಚಿತ್ರ ಕಂಡರೆ ಎದ್ದು ಓಡಬೇಡಿ, ಅದೂ ಸೋಯಾದ್ದೇ.

ಇನ್ನು ಕಸ. ಬೆಂಗಳೂರಿನಲ್ಲಿ ಹಸಿ, ಒಣ ಎಂದು ವಿಂಗಡಿಸಿ ಪಳಗಿದವರು ಇಲ್ಲಿ ಸುಲಭವಾಗಿ ಪಾಸಾಗುತ್ತೇವೆ ಅಂದುಕೊಂಡರೆ ಕೆಟ್ಟಿರಿ. 2019ರ ಜುಲೈ 1ರಿಂದ ಶಾಂಘೈನಲ್ಲಿ ನಾಲ್ಕು ಡಬ್ಬಿ: ಹಸಿ, ಒಣ, ಮರುಬಳಕೆ, ಅಪಾಯಕಾರಿ. ತಪ್ಪಿದರೆ 50ರಿಂದ 200 ಯುವಾನ್ ದಂಡ. ನೀರಲ್ಲಿ ಅದ್ದಿ ತೆಗೆದ ಟಿಶ್ಯೂ ಒಣ ಕಸ. ಗರಿಗರಿ ಒಣಗಿದ ಸೂರ್ಯಕಾಂತಿ ಬೀಜದ ಸಿಪ್ಪೆ ಹಸಿ ಕಸ. ಕೋಳಿ ಮೂಳೆ ಹಸಿ, ಹಂದಿಯ ದಪ್ಪ ಮೂಳೆ ಒಣ, ಏಕೆಂದರೆ ಅದು ಬೇಗ ಕೊಳೆಯುವುದಿಲ್ಲ, ಅರೆಯುವ ಯಂತ್ರದ ಹಲ್ಲನ್ನೂ ಮುರಿಯುತ್ತದೆ. ತೆಂಗಿನ ಚಿಪ್ಪೂ ಒಣ. ಅವಧಿ ಮೀರಿದ ಮಾತ್ರೆ ಅಪಾಯಕಾರಿ. ಆಗ ಊರಿನ ಜನರೇ ಒಂದು ಸೂತ್ರ ಕಟ್ಟಿದ್ದರು: ಹಂದಿ ತಿನ್ನುವುದು ಹಸಿ, ಹಂದಿಯೂ ಮೂಸದ್ದು ಒಣ, ತಿಂದರೆ ಹಂದಿ ಸಾಯುವುದು ಅಪಾಯಕಾರಿ, ಮಾರಿ ಹಂದಿ ಕೊಳ್ಳಬಹುದಾದ್ದು ಮರುಬಳಕೆ. ಸರ್ಕಾರಿ ಕರಪತ್ರಕ್ಕಿಂತ ಇದೇ ಸಲೀಸು.

ಹಸಿ ಕಸವನ್ನು ಚೀಲದ ಸಮೇತ ಎಸೆಯುವಂತಿಲ್ಲ. ಮಿಕ್ಕ ಸಾಂಬಾರಿನ ನೀರನ್ನು ಸಿಂಕಿಗೆ ಬಸಿದು, ಗಸಿಯನ್ನು ಕೆಳಗೆ ಒಯ್ದು, ಡಬ್ಬಿಯ ಮೇಲೆ ಚೀಲ ಬಿಚ್ಚಿ ಸುರಿದು, ಖಾಲಿ ಚೀಲವನ್ನು ಒಣ ಡಬ್ಬಿಗೆ ಹಾಕಬೇಕು. ಪಕ್ಕದಲ್ಲಿ ತೋಳುಪಟ್ಟಿ ಕಟ್ಟಿದ ಹಿರಿಯರೊಬ್ಬರು ನಿಂತು ನಿಮ್ಮ ಮನೆಯ ಅಡುಗೆಯನ್ನು ಅಳೆಯುತ್ತಿರುತ್ತಾರೆ. ಎಷ್ಟೋ ವಠಾರಗಳಲ್ಲಿ ಡಬ್ಬಿ ತೆರೆಯುವುದು ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಮಾತ್ರ. ಸಂಜೆಯದು ತಪ್ಪಿದರೆ, ಅದರಲ್ಲೂ ಬೇಸಿಗೆಯಲ್ಲಿ, ಹಸಿ ಕಸವನ್ನು ಕಟ್ಟಿ ಫ್ರೀಜರ್‌ಗೆ ಹಾಕಿಡಿ, ವಾಸನೆ ಬರದು. ಮೇಲೊಂದು ಚೀಟಿ ಅಂಟಿಸಿ. ಇಲ್ಲದಿದ್ದರೆ ಬೆಳಗ್ಗೆ ಮೊದಲು ಎದ್ದ ರೂಮ್‌ಮೇಟ್ ಅದನ್ನು ಬಿಸಿ ಮಾಡಲು ಇಟ್ಟುಬಿಟ್ಟಾನು.