ಮೀಟರಿನ ಕೊನೆಯುಸಿರು

ಆರಿದ್ರಾ ಮಳೆ ಹಿಡಿದ ಮೂರನೆಯ ದಿನ ಮತ್ತಿ ಮರವೊಂದು 11 ಕೆವಿ ಲೈನಿನ ಮೇಲೆ ಮಲಗಿತು. ಹೊಸನಗರ ತಾಲ್ಲೂಕಿನ ನಮ್ಮ ಹಳ್ಳಿಗೆ ಇದೇನೂ ಸುದ್ದಿಯಲ್ಲ. ಕತ್ತಲೆ ಈ ಸಲ ಆಧುನಿಕವಾಗಿತ್ತು, ಅದು ಸುದ್ದಿ.

ಬೇಸಿಗೆಯಲ್ಲಿ ಊರ ಟ್ರಾನ್ಸ್‌ಫಾರ್ಮರಿಗೊಂದು, ನಮ್ಮ ಹೊಸ ಮನೆಯ ಜಗುಲಿಗೊಂದು ಸ್ಮಾರ್ಟ್ ಮೀಟರ್ ಕೂರಿಸಿದ್ದರು. ಹೊಟ್ಟೆಯೊಳಗೆ ಸಿಮ್ ಕಾರ್ಡ್ ಇರುವ ಮೀಟರ್. ಕರೆಂಟ್ ಹೋದರೆ ಅದು ನಮ್ಮ ಹಳೆಯ ಮೀಟರಿನಂತೆ ಸುಮ್ಮನೆ ಸಾಯುವುದಿಲ್ಲವಂತೆ. ಕೆಪಾಸಿಟರಿನಲ್ಲಿ ಕೂಡಿಟ್ಟ ಚೂರು ಶಕ್ತಿಯಿಂದ ‘ನಾನು ಹೊರಟೆ’ ಎಂದು ಕಂಟ್ರೋಲ್ ರೂಮಿಗೆ ತಿಳಿಸಿ, ಆಮೇಲೆ ಕಣ್ಣು ಮುಚ್ಚುತ್ತದೆ. ಎಂಜಿನಿಯರುಗಳ ಭಾಷೆಯಲ್ಲೂ ಇದರ ಹೆಸರು ಕೊನೆಯುಸಿರು ಎಂದೇ. ನಮ್ಮ ಮೀಟರೂ ಆ ಧರ್ಮ ಪಾಲಿಸಿರಬೇಕು. ಆದರೆ ಉಸಿರನ್ನು ಹೊತ್ತೊಯ್ಯಬೇಕಾದ ಮೊಬೈಲ್ ಟವರಿಗೆ ಹಿಂದಿನ ರಾತ್ರಿಯಿಂದಲೇ ಕರೆಂಟ್ ಇರಲಿಲ್ಲ; ಅದರ ಬ್ಯಾಟರಿ ಬೆಳಗಿನ ಜಾವ ಕೈಚೆಲ್ಲಿತ್ತು. ಸತ್ತವನ ಸುದ್ದಿ ಹೇಳಲು ಹೊರಟವನು ಮೊದಲೇ ಸತ್ತಿದ್ದ.

ಛತ್ರಿ ಹಿಡಿದು ಗುಡ್ಡ ಹತ್ತಿದೆ. 2020ರ ಲಾಕ್‌ಡೌನ್‌ನಲ್ಲಿ ನಮ್ಮ ಮಕ್ಕಳು ಆನ್‌ಲೈನ್ ಪಾಠ ಕೇಳಿದ್ದು ಇದೇ ಗುಡ್ಡದ ಮೇಲೆ. ಆಚೆ ಕಣಿವೆಯ ಟವರಿನಿಂದ ಒಂದೆರಡು ಕಡ್ಡಿ ಸಿಗುತ್ತದೆ. 1912ಕ್ಕೆ ಫೋನ್ ಮಾಡಿದೆ.

“ನಿಮ್ಮಲ್ಲಿ ಕರೆಂಟ್ ಇದೆ ಸಾರ್. ಪರದೆಯ ಮೇಲೆ ಹಸಿರು ತೋರಿಸುತ್ತಿದೆ.”

“ಇಲ್ಲ ಸ್ವಾಮಿ, ನಿನ್ನೆಯಿಂದ ಇಲ್ಲ.”

“ಹೋಗಿದ್ದರೆ ಮೀಟರ್ ಹೇಳುತ್ತಿತ್ತಲ್ಲ ಸಾರ್.”

ವಾದ ಗಟ್ಟಿಯಾಗಿಯೇ ಇತ್ತು. ನಮ್ಮಪ್ಪ ಪೆನ್ಷನ್‌ದಾರರು. ಪ್ರತಿ ವರ್ಷ ನವೆಂಬರಿನಲ್ಲಿ ‘ನಾನು ಬದುಕಿದ್ದೇನೆ’ ಎಂದು ಖುದ್ದು ಪ್ರಮಾಣ ಪತ್ರ ಕೊಡದಿದ್ದರೆ ಸರ್ಕಾರದ ಲೆಕ್ಕದಲ್ಲಿ ಅವರಿಲ್ಲ. ಊರಿನ ಕರೆಂಟಿಗೆ ಮಾತ್ರ ನಿಯಮ ತಿರುವುಮುರುವು: ಸತ್ತೆನೆಂದು ತಾನೇ ಬಂದು ಹೇಳುವವರೆಗೆ ಅದು ಚಿರಂಜೀವಿ.

ಶರಾವತಿಯ ನೀರು ಜೋಗದಲ್ಲಿ ಕರೆಂಟಾಗತೊಡಗಿದ್ದು 1948ರಲ್ಲಿ. ಈಗ ಹೈಟೆನ್ಷನ್ ಟವರುಗಳ ನೆತ್ತಿಯ ತಂತಿಯೊಳಗೇ ಆಪ್ಟಿಕಲ್ ಫೈಬರ್ ಸೇರಿಸುತ್ತಾರೆ; ಸಬ್‌ಸ್ಟೇಷನ್‌ಗಳು ಅದರ ಮೂಲಕ ಕಣ್ಣೆವೆ ಮುಚ್ಚುವುದರೊಳಗೆ ಕಷ್ಟಸುಖ ಮಾತಾಡಿಕೊಳ್ಳುತ್ತವೆ. ಆ ಸಂಭಾಷಣೆ ನಮ್ಮ ಗದ್ದೆಯ ಮೇಲಿನಿಂದಲೇ ಹಾದುಹೋಗುತ್ತದೆ. ಕೆಳಗೆ ನಮ್ಮ ಲೈನ್‌ಮನ್ ಮಾಡುವುದೇನು ಗೊತ್ತೇ? ಕಂಬ ಹತ್ತುವ ಮೊದಲು ಫೀಡರ್ ಬಂದ್ ಆಗಿದೆಯೆಂದು ಸ್ಟೇಷನ್ನಿನಿಂದ ಎಲ್‌ಸಿ, ಅಂದರೆ ‘ಲೈನ್ ಕ್ಲಿಯರ್’ ಎಂಬ ಅನುಮತಿ, ತೆಗೆದುಕೊಳ್ಳಬೇಕು. ಅದಕ್ಕೆ ಗುಡ್ಡ ಹತ್ತುತ್ತಾನೆ. ಇಳಿದು ಬಂದು ಕಂಬ ಹತ್ತುತ್ತಾನೆ. ತಂತಿ ಬಿಗಿದು, ಕಂಬ ಇಳಿದು, ಎಲ್‌ಸಿ ವಾಪಸ್ ಕೊಡಲು ಮತ್ತೆ ಗುಡ್ಡ. ಇಂಬಳಗಳಿಗೆ ಅಷ್ಟು ಹೊತ್ತೂ ಸಂತರ್ಪಣೆ. ಸಂವಹನ ಜಾಲದ ನಕ್ಷೆಯಲ್ಲಿ ಈ ಗುಡ್ಡವನ್ನು ಯಾವ ಬಣ್ಣದಲ್ಲಿ ತೋರಿಸಿದ್ದಾರೋ ನೋಡಬೇಕಿತ್ತು.

ಅಂದ ಹಾಗೆ, ಅವನಿಗೆ ಸುದ್ದಿ ಮುಟ್ಟಿಸಿದ್ದು ಮೀಟರೂ ಅಲ್ಲ, 1912ರ ದೂರೂ ಅಲ್ಲ. ಬೆಳಗಿನ ಬಸ್ಸಿನ ಕಂಡಕ್ಟರ್. ಅಂಗಡಿಯವರು ಸಿಗರೇಟು ಪ್ಯಾಕಿನ ಹಿಂದೆ ‘ಮರ ಬಿದ್ದಿದೆ, ಸೇತುವೆ ಹತ್ತಿರ’ ಎಂದು ಬರೆದುಕೊಟ್ಟಿದ್ದರು. ಈ ಜಾಲಕ್ಕೆ ಬ್ಯಾಟರಿ ಬೇಡ, ಡೀಸೆಲ್ ಸಾಕು.

ಮೂರನೆಯ ಸಂಜೆ ದೀಪ ಬಂತು. ಸ್ವಲ್ಪ ಹೊತ್ತಿಗೆ ಟವರಿಗೂ ಜೀವ ಬಂತು. ಮೀಟರ್ ತಾನು ಬರೆದಿಟ್ಟುಕೊಂಡಿದ್ದ ಸಾವಿನ ಸುದ್ದಿಯನ್ನೆಲ್ಲ ಒಟ್ಟಿಗೆ ಒಪ್ಪಿಸಿತೆಂದು ಕಾಣುತ್ತದೆ. ಬಲ್ಬಿನ ಬೆಳಕಿನಲ್ಲಿ ಹಲಸಿನ ಹಪ್ಪಳ ಮುರಿಯುತ್ತ ಕೂತಿದ್ದಾಗ ಫೋನ್ ಬಂತು. ಅದೇ ದನಿ, ಈಗ ತುಂಬ ಕಾಳಜಿ.

“ಸಾರ್, ನಿಮ್ಮಲ್ಲಿ ಕರೆಂಟ್ ಹೋಗಿದೆ. ಪರದೆ ಕೆಂಪಾಗಿದೆ.”

“ಇಲ್ಲ ಸ್ವಾಮಿ, ಈಗ ತಾನೇ ಬಂತು.”

“ಇಲ್ಲ ಸಾರ್,” ಎಂದರು ಅವರು, “ಹೋಗಿದೆ.”